ಕಲುಷ ನಿಯಮಗಳು (ಪಾತ್ರಾಭಿನಯ ಆಟ)

ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯ ಆಟಗಳಲ್ಲಿ ಒಂದು ಪಾತ್ರದ ಅಂತರಂಗವು ಹಂತಹಂತವಾಗಿ ಕೆಡುವುದನ್ನು ಅಳೆಯುವ ಮತ್ತು ಆ ಕೇಡಿನ ಫಲವನ್ನು ನಿರ್ಧರಿಸುವ ನಿಯಮಗಳ ಸಮೂಹವನ್ನು ಕಲುಷ ನಿಯಮಗಳು ಎನ್ನಬಹುದು. ಇಂಗ್ಲಿಷಿನಲ್ಲಿ ಇವಕ್ಕೆ ಕರಪ್ಷನ್ ಮೆಕ್ಯಾನಿಕ್ಸ್ ಎಂಬ ಹೆಸರು ರೂಢಿಯಲ್ಲಿದೆ. ನಿಷಿದ್ಧ ವಿದ್ಯೆಯನ್ನು ಬಳಸಿದ ಮಾಂತ್ರಿಕ, ಶಪಿತ ಆಯುಧವನ್ನು ಕೈಬಿಡಲಾರದ ಯೋಧ, ಒಂದು ಊರನ್ನು ಉಳಿಸಲು ಇನ್ನೊಂದನ್ನು ಬಲಿಕೊಟ್ಟ ಅರಸ ಮೊದಲಾದ ಪಾತ್ರಗಳ ಪತನವನ್ನು ಕೇವಲ ಸೂತ್ರಧಾರನ ಮಾತಿಗೆ ಬಿಡದೆ ಅಂಕ, ದಾಳ ಮತ್ತು ಮಿತಿಗಳ ಮೂಲಕ ನಡೆಸುವುದು ಈ ನಿಯಮಗಳ ಉದ್ದೇಶ.

ಇಂತಹ ನಿಯಮಗಳು ಪ್ರಕಟಿತ ಆಟಗಳಲ್ಲಿ 1970ರ ದಶಕದಿಂದ ಕಾಣಿಸಿಕೊಂಡವು. ಆದರೆ ನೀತಿಯ ಏರಿಳಿತವನ್ನು ಆಟದ ಚಲನೆಯಾಗಿಸುವ ಕ್ರಮ ಭಾರತದಲ್ಲಿ ಅದಕ್ಕಿಂತ ಬಹಳ ಹಳೆಯದು. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಆಡುವ ಪರಮಪದ ಸೋಪಾನ ಪಟ ಇದಕ್ಕೆ ಎಲ್ಲರಿಗೂ ತಿಳಿದಿರುವ ಉದಾಹರಣೆ. ಕನ್ನಡ ಕಾವ್ಯಗಳಲ್ಲಿ ಮತ್ತು ಹಳೆಯ ಬೆಂಗಳೂರಿನ ಐತಿಹ್ಯಗಳಲ್ಲಿಯೂ ಈ ಬಗೆಯ ಆಟಕ್ಕೆ ಒದಗುವ ಸಾಮಗ್ರಿ ಹೇರಳವಾಗಿದೆ.

ಪದ ಮತ್ತು ವ್ಯಾಪ್ತಿ

ಕರಪ್ಷನ್ ಎಂಬುದಕ್ಕೆ ಕನ್ನಡದಲ್ಲಿ ಮೊದಲು ಹೊಳೆಯುವ ಪದ ಭ್ರಷ್ಟಾಚಾರ. ಅದು ಇಂದಿನ ಬಳಕೆಯಲ್ಲಿ ಲಂಚ ಮತ್ತು ಅಧಿಕಾರ ದುರುಪಯೋಗಕ್ಕೆ ಸೀಮಿತವಾಗಿರುವುದರಿಂದ ಇಲ್ಲಿ ಹೊಂದುವುದಿಲ್ಲ. ಈ ಆಟಗಳಿಗೆ ಸಂಬಂಧಿಸಿದಂತೆ ಕನ್ನಡದಲ್ಲಿ ಸ್ಥಿರವಾದ ಪಾರಿಭಾಷಿಕ ಪದ ಇನ್ನೂ ನೆಲೆಗೊಂಡಿಲ್ಲ. ತಿಳಿಯಾಗಿದ್ದದ್ದು ಕದಡಿ ಕೆಡುವುದು ಎಂಬ ಅರ್ಥವುಳ್ಳ ‘ಕಲುಷ’ ಎಂಬ ಪದವನ್ನು ಈ ಲೇಖನದಲ್ಲಿ ಬಳಸಲಾಗಿದೆ. ಆಟವನ್ನು ನಡೆಸುವವರನ್ನು ‘ಸೂತ್ರಧಾರ’ ಎಂದೂ, ಹಲವು ಕೂಟಗಳಲ್ಲಿ ಮುಂದುವರಿಯುವ ದೀರ್ಘ ಆಟವನ್ನು ‘ಕಥಾಸರಣಿ’ ಎಂದೂ ಕರೆಯಲಾಗಿದೆ.

ಕಲುಷ ನಿಯಮವನ್ನು ಗಾಯದ ಲೆಕ್ಕದಿಂದ ಬೇರ್ಪಡಿಸಿ ನೋಡಬೇಕು. ಗಾಯವು ಪಾತ್ರದ ಶಕ್ತಿಯನ್ನು ಕುಗ್ಗಿಸುತ್ತದೆ. ಕಲುಷವು ಅನೇಕ ವೇಳೆ ಶಕ್ತಿಯನ್ನು ಹೆಚ್ಚಿಸುತ್ತದೆ, ಮತ್ತು ಅದಕ್ಕೆ ಪ್ರತಿಯಾಗಿ ಆ ಪಾತ್ರ ಯಾರಾಗಿತ್ತೋ ಅದನ್ನು ಕಸಿದುಕೊಳ್ಳುತ್ತದೆ.

ಪ್ರಕಟಿತ ಆಟಗಳಲ್ಲಿ ಬೆಳವಣಿಗೆ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ರಚಿಸಿದ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ 1974ರಲ್ಲಿ ಪ್ರಕಟವಾಯಿತು. ಅದರಲ್ಲಿ ಪಾತ್ರಗಳು ನಿಯತಿ, ತಟಸ್ಥತೆ, ಅವ್ಯವಸ್ಥೆ ಎಂಬ ಮೂರು ಪಕ್ಷಗಳಲ್ಲಿ ಒಂದಕ್ಕೆ ಸೇರಿದವು. ಮರುವರ್ಷ ಬಂದ ಗ್ರೇಹಾಕ್ ಎಂಬ ಪುರವಣಿಯ ಪ್ಯಾಲಡಿನ್ ಎಂಬ ಧರ್ಮಯೋಧನು ಒಮ್ಮೆ ಅಧರ್ಮ ಎಸಗಿದರೆ ತನ್ನ ಸ್ಥಾನವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಿದ್ದನು. ಇದು ಪತನವೇ ಹೌದು, ಆದರೆ ಮೆಟ್ಟಿಲುಗಳಿಲ್ಲದ ಪತನ. ಒಂದೇ ಹೆಜ್ಜೆಯಲ್ಲಿ ಮೇಲಿನಿಂದ ಕೆಳಕ್ಕೆ.

ಕ್ರಮೇಣ ಕೆಡುವಿಕೆಯನ್ನು ಆಟದ ಕೇಂದ್ರಕ್ಕೆ ತಂದದ್ದು ಸ್ಯಾಂಡಿ ಪೀಟರ್ಸನ್ ಅವರ ಕಾಲ್ ಆಫ್ ಕ್ಥುಲು (1981). ಅದರಲ್ಲಿ ಪ್ರತಿಯೊಂದು ಪಾತ್ರಕ್ಕೂ ಮನಸ್ಸಿನ ಸ್ವಾಸ್ಥ್ಯದ ಅಂಕವಿದೆ. ಘೋರವಾದುದನ್ನು ಕಂಡಾಗ ಅದು ಇಳಿಯುತ್ತದೆ. ಈ ಆಟದ ನಿಜವಾದ ಚಾತುರ್ಯ ಇನ್ನೊಂದು ಕಡೆ ಇದೆ: ನಿಗೂಢ ಶಕ್ತಿಗಳ ಬಗೆಗಿನ ಜ್ಞಾನ ಹೆಚ್ಚಿದಷ್ಟೂ ಸ್ವಾಸ್ಥ್ಯದ ಗರಿಷ್ಠ ಮಿತಿ ಅಷ್ಟೇ ಪ್ರಮಾಣದಲ್ಲಿ ಕುಸಿಯುತ್ತದೆ. ಜ್ಞಾನ 30 ಆದರೆ ಸ್ವಾಸ್ಥ್ಯ 69ನ್ನು ಮೀರಲಾರದು. ಶತ್ರುವನ್ನು ಗೆಲ್ಲಲು ಬೇಕಾದ ತಿಳಿವಳಿಕೆಯೇ ಗೆಲ್ಲುವವನನ್ನು ಒಳಗಿನಿಂದ ಕೊರೆಯುತ್ತದೆ.

ಗ್ರೆಗ್ ಸ್ಟಾಫರ್ಡ್ ಅವರ ಪೆಂಡ್ರಾಗನ್ (1985) ಗುಣ-ದೋಷಗಳನ್ನು ಹದಿಮೂರು ಜೋಡಿಗಳಾಗಿ ಕಟ್ಟಿತು. ದಯೆ ಮತ್ತು ಕ್ರೌರ್ಯದಂತಹ ಪ್ರತಿ ಜೋಡಿಯ ಮೊತ್ತ ಯಾವಾಗಲೂ 20. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. 1987ರಲ್ಲಿ ಬಂದ ಸ್ಟಾರ್ ವಾರ್ಸ್ ಆಟವು ಕಪ್ಪು ಪಕ್ಷದ ಅಂಕಗಳನ್ನು ಪರಿಚಯಿಸಿತು. ವ್ಯಾಂಪೈರ್: ದಿ ಮಾಸ್ಕರೇಡ್ (1991) ‘ಮಾನವತೆ’ ಎಂಬ ಹತ್ತು ಮೆಟ್ಟಿಲಿನ ಅಳತೆಯನ್ನಿಟ್ಟಿತು. ಪಾತ್ರ ಎಷ್ಟು ಕೆಳಗಿಳಿದಿರುತ್ತದೋ ಅದನ್ನು ಬೆಚ್ಚಿಬೀಳಿಸಲು ಅಷ್ಟೇ ಘೋರವಾದ ಕೃತ್ಯ ಬೇಕಾಗುತ್ತದೆ ಎಂಬುದು ಅದರ ತರ್ಕ. ಮನುಷ್ಯಸ್ವಭಾವದ ಬಗ್ಗೆ ಇದು ಸರಿಯಾದ ಗ್ರಹಿಕೆ. ಜೆ. ಆರ್. ಆರ್. ಟೋಲ್ಕಿನ್ ಅವರ ಕಥಾಲೋಕವನ್ನು ಆಧರಿಸಿದ ದಿ ವನ್ ರಿಂಗ್ (2011) ಭರವಸೆ ಮತ್ತು ನೆರಳು ಎಂಬ ಎರಡು ಅಂಕಗಳನ್ನು ಎದುರುಬದುರಾಗಿಟ್ಟಿತು. ಸ್ವೀಡನ್ನಿನ ಸಿಂಬರೂಮ್ (2014) ತಾತ್ಕಾಲಿಕ ಮತ್ತು ಶಾಶ್ವತ ಕಲುಷಗಳನ್ನು ಬೇರ್ಪಡಿಸಿತು. ಅರ್ಬನ್ ಷ್ಯಾಡೋಸ್ (2015) ಆಟದಲ್ಲಿ ಕಲುಷ ತುಂಬಿದಂತೆಲ್ಲ ಪಾತ್ರಕ್ಕೆ ಹೊಸ ಸಾಮರ್ಥ್ಯಗಳೇ ದೊರೆಯುತ್ತವೆ.

ಪತನದ ಕಾರಣ: ಹಾವು, ಸೋಂಕು, ಒಪ್ಪಂದ

ಇಂತಹ ನಿಯಮವನ್ನು ರೂಪಿಸುವವರು ಎಷ್ಟು ಅಂಕ, ಯಾವ ದಾಳ ಎಂಬುದನ್ನು ನಿರ್ಧರಿಸುವ ಮೊದಲು ಪಾತ್ರ ಏಕೆ ಕೆಡುತ್ತದೆ ಎಂಬುದನ್ನು ನಿರ್ಧರಿಸಬೇಕಾಗುತ್ತದೆ. ಉಳಿದ ಎಲ್ಲವೂ ಈ ಉತ್ತರವನ್ನು ಅವಲಂಬಿಸುತ್ತದೆ. ಭಾರತೀಯ ಕಥಾಪರಂಪರೆಯಲ್ಲಿ ಈ ಪ್ರಶ್ನೆಗೆ ಕನಿಷ್ಠ ಮೂರು ಉತ್ತರಗಳಿವೆ, ಮತ್ತು ಅವು ಒಂದಕ್ಕೊಂದು ಒಗ್ಗುವುದಿಲ್ಲ.

ಮೊದಲನೆಯದು ಹಾವು. ಪರಮಪದ ಸೋಪಾನ ಪಟದಲ್ಲಿ ಏಣಿಗಳು ಸದ್ಗುಣಗಳನ್ನೂ ಹಾವುಗಳು ದುರ್ಗುಣಗಳನ್ನೂ ಸೂಚಿಸುತ್ತವೆ, ಮೇಲ್ತುದಿಯಲ್ಲಿ ವೈಕುಂಠವಿರುತ್ತದೆ. ಆದರೆ ಯಾವ ಮನೆಗೆ ಹೋಗಬೇಕೆಂದು ಆಟಗಾರ ಆರಿಸುವುದಿಲ್ಲ. ದಾಳವೋ ಕವಡೆಯೋ ಆರಿಸುತ್ತದೆ. ದುರಾಸೆಯ ಹಾವಿನ ಬಾಯಿಗೆ ಬಿದ್ದವನು ದುರಾಸೆ ಪಟ್ಟಿರುವುದಿಲ್ಲ, ಅವನಿಗೆ ಗರ ಹಾಗೆ ಬಿದ್ದಿರುತ್ತದೆ ಅಷ್ಟೆ. ಕರ್ಮ ಮತ್ತು ವಿಧಿಯನ್ನು ಮಕ್ಕಳಿಗೆ ಮನಗಾಣಿಸಲು ಈ ರಚನೆ ಸೊಗಸಾಗಿ ಒದಗುತ್ತದೆ. ಪಾತ್ರಾಭಿನಯ ಆಟದಲ್ಲಿ ಅದೇ ರಚನೆ ಸೋಲುತ್ತದೆ, ಏಕೆಂದರೆ ಅಲ್ಲಿ ಆಟಗಾರನ ಆಯ್ಕೆಯೇ ಆಟ. ಧರಿಸಿದವನ ಸ್ವಭಾವವನ್ನೇ ತಿರುಗುಮುರುಗು ಮಾಡುವ ಶಿರಸ್ತ್ರಾಣವೊಂದು ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನ ಹಳೆಯ ಆವೃತ್ತಿಗಳಲ್ಲಿತ್ತು. ಅದು ಶುದ್ಧ ಹಾವು. ಮೇಜಿನ ಸುತ್ತ ನಗೆ ಹುಟ್ಟಿಸಬಲ್ಲದು, ವಿಷಾದವನ್ನು ಹುಟ್ಟಿಸಲಾರದು.

ಎರಡನೆಯದು ಸೋಂಕು. ಕೆಟ್ಟ ನೆಲವನ್ನು ತುಳಿದದ್ದರಿಂದ, ಕೆಟ್ಟ ವಸ್ತುವನ್ನು ಮುಟ್ಟಿದ್ದರಿಂದ ಪಾತ್ರ ಕೆಡುತ್ತದೆ. ಲೆಜೆಂಡ್ ಆಫ್ ದಿ ಫೈವ್ ರಿಂಗ್ಸ್ ಆಟದ ನೆರಳುನಾಡಿನ ಕಳಂಕ ಈ ಬಗೆಯದು. ಮಹಾಭಾರತದ ವನಪರ್ವದಲ್ಲಿ ಬರುವ ನಳನ ಕಥೆಯೂ ಇದೇ ಬಾಗಿಲಿನಿಂದ ಆರಂಭವಾಗುತ್ತದೆ. ದಮಯಂತಿಯ ಸ್ವಯಂವರದಿಂದ ಕೆರಳಿದ ಕಲಿಪುರುಷ ಹನ್ನೆರಡು ವರ್ಷ ಕಾಯುತ್ತಾನೆ. ನಳ ಒಂದು ದಿನ ಕಾಲು ತೊಳೆಯದೆ ಸಂಧ್ಯೆಗೆ ಕುಳಿತಾಗ ಒಳಹೊಗುತ್ತಾನೆ. ಕನಕದಾಸರ ನಳಚರಿತ್ರೆಯ ಮೂಲಕ ಈ ಕಥೆ ಕನ್ನಡದಲ್ಲಿ ಮನೆಮಾತಾಗಿದೆ.

ಕನ್ನಡ ನೆಲದ ಕಥಾಸರಣಿಯಲ್ಲಿ ಸೋಂಕಿನ ಮಾದರಿಯನ್ನು ಬಳಸುವವರು ಎಚ್ಚರದಿಂದಿರಬೇಕು. ಯುರೋಪಿನ ಕಲ್ಪನೆಯಲ್ಲಿ ಶಪಿತ ನೆಲದ ಕಳಂಕ ಬಹುಮಟ್ಟಿಗೆ ಕಥೆಯ ವಸ್ತು. ಇಲ್ಲಿ ಮುಟ್ಟಿದರೆ ಕೆಡುವುದು ಎಂಬ ಭಾವನೆ ಮಡಿ-ಮೈಲಿಗೆಯಾಗಿ ಮನುಷ್ಯರ ನಡುವೆ ಗೋಡೆಯಾಗಿ ನಿಂತಿತ್ತು, ಪೂರ್ತಿ ಬಿದ್ದೂ ಇಲ್ಲ. ‘ಅಶುದ್ಧ ಕುಲದವರ ಕೇರಿಗೆ ಕಾಲಿಟ್ಟರೆ ಒಂದು ಕಲುಷ ಅಂಕ’ ಎಂಬ ನಿಯಮವನ್ನು ಯಾರೂ ಉದ್ದೇಶಪೂರ್ವಕವಾಗಿ ಬರೆಯಲಾರರು. ಆದರೆ ರಾಕ್ಷಸ ಕುಲದಲ್ಲಿ ಹುಟ್ಟಿದ ಪಾತ್ರಕ್ಕೆ ಆರಂಭದಲ್ಲಿಯೇ ಎರಡು ಅಂಕ ಕೊಡುವುದು, ಅದರೊಡನೆ ಊಟ ಮಾಡಿದವರಿಗೆ ಒಂದು ಅಂಕ ಕೊಡುವುದು ಅದೇ ನಿಯಮದ ವೇಷ ಬದಲಿಸಿದ ರೂಪ. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದರು. ಕಲುಷದ ಕಾರಣಗಳ ಪಟ್ಟಿಯನ್ನು ಬರೆದ ಬಳಿಕ ಅದನ್ನು ಈ ಐದರ ಎದುರಿಗಿಟ್ಟು ನೋಡುವುದು ಒಳ್ಳೆಯ ಪರೀಕ್ಷೆ. ಐದರಲ್ಲಿ ಯಾವುದಾದರೂ ಒಂದು ಪಟ್ಟಿಯಲ್ಲಿ ನುಸುಳಿದ್ದರೆ ಆ ನಿಯಮವನ್ನು ಕೈಬಿಡಬೇಕು.

ಮೂರನೆಯದು ಒಪ್ಪಂದ. ಪಾತ್ರಕ್ಕೆ ಏನೋ ಒಂದು ಬೇಕಾಗಿದೆ. ಅದು ಸಿಗುತ್ತದೆ, ಆದರೆ ಬೆಲೆ ಇದೆ. ಬೆಲೆ ಏನೆಂದು ಮೊದಲೇ ತಿಳಿದಿದೆ. ಆಟಗಾರ ಒಪ್ಪುತ್ತಾನೆ ಅಥವಾ ನಿರಾಕರಿಸುತ್ತಾನೆ. ಮಹಾಭಾರತದ ಸೌಪ್ತಿಕ ಪರ್ವದ ಅಶ್ವತ್ಥಾಮ ಇದಕ್ಕೆ ತಕ್ಕ ಮಾದರಿ. ತಂದೆಯನ್ನು ಅಧರ್ಮದಿಂದ ಕೊಂದರೆಂಬ ಅವನ ಸಿಟ್ಟಿಗೆ ಕಾರಣವಿದೆ. ಪಾಂಡವರ ಪಾಳೆಯದ ಬಾಗಿಲಲ್ಲಿ ಅವನು ತನ್ನನ್ನೇ ಆಹುತಿಯಾಗಿ ಅರ್ಪಿಸಲು ಮುಂದಾದಾಗ ಶಿವನು ಖಡ್ಗವನ್ನು ಕೊಟ್ಟು ಅವನ ದೇಹವನ್ನು ಹೊಗುತ್ತಾನೆ. ಆ ರಾತ್ರಿ ಅವನನ್ನು ತಡೆಯುವವರಿಲ್ಲ. ಮಲಗಿದ್ದವರನ್ನು ಕೊಂದ ಮೇಲೆ ಉಳಿಯುವುದು ಹಣೆಯ ಮಣಿಯನ್ನು ಕಳೆದುಕೊಂಡು ಮೂರು ಸಾವಿರ ವರ್ಷ ಒಂಟಿಯಾಗಿ ಅಲೆಯುವ ಶಾಪ. ಬಲ ಮತ್ತು ಪತನ ಇಲ್ಲಿ ಒಂದೇ ಕ್ಷಣದಲ್ಲಿ ದೊರೆಯುತ್ತವೆ. ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ನಾಟಕಕಾರ ಸೊಫೊಕ್ಲಿಸನ ಅಯಾಸ್ ನಾಟಕದ ಮಾದರಿಯಲ್ಲಿ 1929ರಲ್ಲಿ ಅಶ್ವತ್ಥಾಮನ್ ನಾಟಕವನ್ನು ಬರೆದಾಗ ಈ ಪಾತ್ರವನ್ನೇ ದುರಂತನಾಯಕನನ್ನಾಗಿ ಆರಿಸಿಕೊಂಡರು.

ನಿರಾಕರಿಸಿದ ಒಪ್ಪಂದವೂ ಆಟದಲ್ಲಿ ಅಷ್ಟೇ ಬೆಲೆಯುಳ್ಳದ್ದು. ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸಿ ರಾಜ್ಯವನ್ನೇ ನೀಡಲು ಮುಂದಾಗುತ್ತಾನೆ. ಕರ್ಣ ಒಪ್ಪುವುದಿಲ್ಲ. ಪಂಪ ಮತ್ತು ಕುಮಾರವ್ಯಾಸ ಇಬ್ಬರೂ ಈ ಸನ್ನಿವೇಶವನ್ನು ಮನಸಾರೆ ಬೆಳೆಸಿದ್ದಾರೆ. ಆಟದ ಭಾಷೆಯಲ್ಲಿ ಹೇಳುವುದಾದರೆ, ಬೇಡವೆಂದು ಹೇಳಲು ನಿಜವಾಗಿ ಕಷ್ಟವಾಗುವಷ್ಟು ದೊಡ್ಡ ಆಮಿಷವನ್ನು ಸೂತ್ರಧಾರ ಒಡ್ಡಿದಾಗ ಮಾತ್ರ ಆ ನಿರಾಕರಣೆಗೆ ತೂಕ ಬರುತ್ತದೆ. ಜಾನ್ ಹಾರ್ಪರ್ ಅವರ ಬ್ಲೇಡ್ಸ್ ಇನ್ ದಿ ಡಾರ್ಕ್ (2017) ಆಟದ ‘ಪಿಶಾಚಿಯ ಒಪ್ಪಂದ’ ಎಂಬ ನಿಯಮದಲ್ಲಿ ಹೆಚ್ಚುವರಿ ದಾಳವೊಂದಕ್ಕೆ ಪ್ರತಿಯಾಗಿ ತೊಂದರೆಯೊಂದನ್ನು ಒಪ್ಪಿಕೊಳ್ಳಬೇಕು. ಆ ತೊಂದರೆಯನ್ನು ಸೂತ್ರಧಾರನಲ್ಲದೆ ಇತರ ಆಟಗಾರರೂ ಸೂಚಿಸಬಹುದು. ಗೆಳೆಯನಿಗೆ ಗುಂಡಿ ತೋಡುವ ಉತ್ಸಾಹ ಆಟಗಾರರಲ್ಲಿ ಎಂದಿಗೂ ಕಡಿಮೆ ಇರುವುದಿಲ್ಲವಾದ್ದರಿಂದ ಈ ನಿಯಮ ಚೆನ್ನಾಗಿ ನಡೆಯುತ್ತದೆ.

ಒಪ್ಪಂದದ ಇನ್ನೊಂದು ಕವಲು ಬೆಲೆಯನ್ನು ಬೇರೊಬ್ಬರು ತೆರುವುದು. ಯಯಾತಿಯ ಮುಪ್ಪನ್ನು ಮಗ ಪುರು ಹೊರುತ್ತಾನೆ. ಗಿರೀಶ ಕಾರ್ನಾಡರ ಯಯಾತಿ ನಾಟಕ (1961) ಈ ವರ್ಗಾವಣೆಯ ಕ್ರೌರ್ಯವನ್ನೇ ಕೇಂದ್ರವಾಗಿಸಿಕೊಂಡಿದೆ. ನಿಯಮದಲ್ಲಿ ಇದನ್ನು ತರುವುದು ಸುಲಭ: ಆಟಗಾರ ತನ್ನ ಕಲುಷ ಅಂಕವನ್ನು ತನ್ನನ್ನು ನಂಬಿರುವ ಇನ್ನೊಂದು ಪಾತ್ರದ ಮೇಲೆ ಹೊರಿಸಬಹುದು. ಹೊರಿಸಿದ ಮಾತ್ರಕ್ಕೆ ಅಂಕ ಇಳಿಯುತ್ತದೆ, ಕೃತ್ಯ ಅಳಿಯುವುದಿಲ್ಲ. ಈ ಒಂದು ಸಾಲಿನ ನಿಯಮ ಪುಟಗಟ್ಟಲೆ ಕೋಷ್ಟಕಗಳಿಗಿಂತ ಹೆಚ್ಚು ಕಥೆಗಳನ್ನು ಹುಟ್ಟಿಸಬಲ್ಲದು.

ಅಂಕ ಮತ್ತು ಸಂಭವನೀಯತೆ

1987ರ ಸ್ಟಾರ್ ವಾರ್ಸ್ ಆಟದ ಪದ್ಧತಿ ಸರಳವಾದದ್ದು. ಕಪ್ಪು ಪಕ್ಷದ ಅಂಕ ಬಂದಾಗಲೆಲ್ಲ ಒಂದು ಆರು ಮುಖದ ದಾಳವನ್ನು ಎಸೆಯಬೇಕು. ಬಿದ್ದ ಸಂಖ್ಯೆ ಒಟ್ಟು ಅಂಕಕ್ಕಿಂತ ಕಡಿಮೆಯಾದರೆ ಪಾತ್ರ ಆಟಗಾರನ ಕೈತಪ್ಪಿ ಸೂತ್ರಧಾರನ ವಶವಾಗುತ್ತದೆ. ಮೊದಲ ಅಂಕದಲ್ಲಿ ಅಪಾಯವಿಲ್ಲ, ಎರಡನೆಯದರಲ್ಲಿ ಆರರಲ್ಲಿ ಒಂದು ಪಾಲು, ಮೂರನೆಯದರಲ್ಲಿ ಆರರಲ್ಲಿ ಎರಡು ಪಾಲು. ಅಪಾಯ ಸಮನಾದ ಮೆಟ್ಟಿಲುಗಳಲ್ಲಿ ಏರುತ್ತದೆ.

ಕವಡೆಗಳನ್ನು ಬಳಸಿದರೆ ಏರಿಕೆಯ ಸ್ವರೂಪ ಬದಲಾಗುತ್ತದೆ. ಚೌಕಾಬಾರ ಮತ್ತು ಪಗಡೆಗಳಿಂದ ಕವಡೆಯ ಎಣಿಕೆ ಕರ್ನಾಟಕದಲ್ಲಿ ಪರಿಚಿತವಾಗಿದೆ. ನಿದರ್ಶನಕ್ಕೆ ಹೀಗೊಂದು ನಿಯಮವನ್ನಿಟ್ಟುಕೊಳ್ಳಬಹುದು: ಕಲುಷ ಅಂಕ ಬಂದಾಗಲೆಲ್ಲ ಆರು ಕವಡೆಗಳನ್ನು ಎಸೆಯಬೇಕು, ಬಾಯಿ ಮೇಲಾಗಿ ಬಿದ್ದ ಕವಡೆಗಳ ಸಂಖ್ಯೆ ಕಲುಷ ಅಂಕಕ್ಕಿಂತ ಕಡಿಮೆಯಾದರೆ ಪತನ. ಕವಡೆ ಎರಡು ಬಗೆಯಲ್ಲಿಯೂ ಸಮಾನವಾಗಿ ಬೀಳುತ್ತದೆ ಎಂದು ಭಾವಿಸಿದರೆ ಒಟ್ಟು 64 ಸಾಧ್ಯತೆಗಳಿವೆ. ಮೊದಲ ಅಂಕದಲ್ಲಿ ಪತನದ ಸಾಧ್ಯತೆ 64ರಲ್ಲಿ 1, ಎರಡನೆಯದರಲ್ಲಿ 7, ಮೂರನೆಯದರಲ್ಲಿ 22, ನಾಲ್ಕನೆಯದರಲ್ಲಿ 42, ಐದನೆಯದರಲ್ಲಿ 57. ಶೇಕಡಾವಾರು ನೋಡಿದರೆ ಸುಮಾರು 2, 11, 34, 66, 89. ಆರಂಭದಲ್ಲಿ ‘ಏನೂ ಆಗಲಿಲ್ಲವಲ್ಲ’ ಎನ್ನಿಸಿ, ನಡುವೆ ಒಮ್ಮೆಲೇ ನೆಲ ಕುಸಿಯುತ್ತದೆ. ಮನುಷ್ಯರು ಕೆಡುವ ಬಗೆಗೆ ಇದು ಸಮಮೆಟ್ಟಿಲಿಗಿಂತ ಹತ್ತಿರವಾಗಿದೆ. ನಿಜವಾದ ಕವಡೆಗಳು ಆಕಾರಕ್ಕೆ ತಕ್ಕಂತೆ ಒಂದು ಕಡೆಗೆ ವಾಲುತ್ತವೆ; ಬಳಸುವ ಕವಡೆಗಳನ್ನು ಮೊದಲು ನೂರು ಬಾರಿ ಎಸೆದು ಎಣಿಸಿಕೊಳ್ಳುವುದು ಜಾಣತನ.

ವಿನ್ಯಾಸಕಾರರು ಮರೆಯುವುದು ಒಟ್ಟುಗೂಡಿದ ಅಪಾಯವನ್ನು. ಮೂರನೆಯ ಅಂಕದ ಪರೀಕ್ಷೆ ಒಂದನ್ನೇ ನೋಡಿದರೆ ಕವಡೆ ಪದ್ಧತಿಯಲ್ಲಿ ಬದುಕುವ ಸಾಧ್ಯತೆ ಶೇ. 66. ಆದರೆ ಅಲ್ಲಿಗೆ ತಲುಪುವಷ್ಟರಲ್ಲಿ ಎರಡು ಪರೀಕ್ಷೆಗಳು ಮುಗಿದಿರುತ್ತವೆ. ಮೂರನ್ನೂ ದಾಟುವ ಸಾಧ್ಯತೆ ಸುಮಾರು ಶೇ. 58, ನಾಲ್ಕನ್ನೂ ದಾಟುವುದು ಶೇ. 20 ಮಾತ್ರ. ಒಂದು ದಾಳದ ಪದ್ಧತಿಯಲ್ಲಿ ಇವು ಕ್ರಮವಾಗಿ ಸುಮಾರು ಶೇ. 56 ಮತ್ತು ಶೇ. 28. ಐದು ಆಟಗಾರರ ಗುಂಪಿನಲ್ಲಿ ಎಲ್ಲರೂ ಮೂರು ಅಂಕ ಗಳಿಸಿದರೆ ಇಬ್ಬರ ಪಾತ್ರ ಕೈತಪ್ಪುವುದನ್ನು ನಿರೀಕ್ಷಿಸಬೇಕು. ಕಥಾಸರಣಿ ಇಪ್ಪತ್ತು ಕೂಟಗಳದ್ದಾಗಿ, ಕೂಟಕ್ಕೊಂದು ಅಂಕ ಬರುವಂತಿದ್ದರೆ ಐದನೆಯ ಕೂಟದ ಹೊತ್ತಿಗೆ ಹೆಚ್ಚು ಜನ ಉಳಿಯುವುದಿಲ್ಲ. ಆದ್ದರಿಂದ ಅಂಕ ಅಪರೂಪವಾಗಿರಬೇಕು, ಇಲ್ಲವೆ ಪತನವು ಪಾತ್ರದ ಅಂತ್ಯವಾಗಿರಬಾರದು.

ಹಳೆಯ ಬೆಂಗಳೂರು ಕಥಾಭೂಮಿಯಾಗಿ

ಅದ್ಭುತ ಕಥೆಯ ಆಟಗಳು ಸಾಮಾನ್ಯವಾಗಿ ಮಧ್ಯಯುಗದ ಯುರೋಪನ್ನು ಹೋಲುವ ನಾಡಿನಲ್ಲಿ ನಡೆಯುತ್ತವೆ. ಹಾಗೆಯೇ ಇರಬೇಕೆಂಬ ನಿಯಮವೇನೂ ಇಲ್ಲ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಒಂದು ಸುತ್ತಿನಲ್ಲಿಯೇ ಕಲುಷ ನಿಯಮಕ್ಕೆ ಬೇಕಾದ ಐತಿಹ್ಯಗಳು ದೊರೆಯುತ್ತವೆ.

ಕೆಂಪೇಗೌಡ ಬೆಂಗಳೂರಿನ ಕೋಟೆಯನ್ನು ಕಟ್ಟಿಸುವಾಗ ಬಾಗಿಲು ಮತ್ತೆಮತ್ತೆ ಕುಸಿಯುತ್ತಿತ್ತೆಂದೂ, ಗರ್ಭಿಣಿಯ ಬಲಿ ಬೇಕೆಂಬ ಮಾತು ಬಂದಾಗ ಸೊಸೆ ಲಕ್ಷ್ಮಮ್ಮ ರಾತ್ರಿ ಯಾರಿಗೂ ತಿಳಿಯದಂತೆ ತನ್ನನ್ನೇ ಬಲಿಕೊಟ್ಟಳೆಂದೂ ಐತಿಹ್ಯವಿದೆ. ಅವಳ ಸಮಾಧಿ ಕೋರಮಂಗಲದಲ್ಲಿದೆ. ಈ ಕಥೆಯಲ್ಲಿ ಬೆಲೆ ತೆತ್ತವಳು ನಿಷ್ಕಳಂಕಳು. ಕಲುಷ ಯಾರದ್ದು ಎಂಬ ಪ್ರಶ್ನೆ ಕಟ್ಟಿಸಿದವರ, ಸುಮ್ಮನಿದ್ದವರ, ಆ ಬಾಗಿಲಿನಿಂದ ಓಡಾಡಿದ ಎಲ್ಲರ ಮೇಲೆ ಉಳಿಯುತ್ತದೆ. ಹೀಗೆ ಒಂದು ಊರೇ ಹೊತ್ತ ಅಂಕವನ್ನು ಯಾವ ಒಬ್ಬ ಪಾತ್ರದ ಹಾಳೆಯಲ್ಲಿಯೂ ಬರೆಯಲಾಗದು. ಮೇಜಿನ ನಡುವೆ ಎಲ್ಲರಿಗೂ ಕಾಣುವಂತೆ ಇಡಬೇಕಾಗುತ್ತದೆ.

ಅಂತಹ ಸಾಮೂಹಿಕ ಅಳತೆಗೆ ಬಸವನಗುಡಿಯೇ ಒಂದು ಚಿತ್ರವನ್ನು ಕೊಡುತ್ತದೆ. ಸುಂಕೇನಹಳ್ಳಿಯ ಸುತ್ತಮುತ್ತಲಿನ ರೈತರ ಕಡಲೆಕಾಯಿ ಬೆಳೆಯನ್ನು ರಾತ್ರಿ ತಿನ್ನುತ್ತಿದ್ದ ಬಸವನಿಗೆ ಸಿಟ್ಟಿನಿಂದ ಹೊಡೆದಾಗ ಅದು ಕಲ್ಲಾಯಿತು. ಆ ಕಲ್ಲು ಬೆಳೆಯತೊಡಗಿತು. ನೆತ್ತಿಯ ಮೇಲೆ ತ್ರಿಶೂಲವನ್ನು ನೆಟ್ಟ ಮೇಲೆ ಬೆಳವಣಿಗೆ ನಿಂತಿತು ಎಂಬುದು ದೊಡ್ಡ ಬಸವಣ್ಣನ ಗುಡಿಯ ಸ್ಥಳಕಥೆ. ಕಾರ್ತಿಕ ಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆ ಇದರ ನೆನಪಿಗೆ ನಡೆಯುತ್ತದೆ. (ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದ ಬೆಳೆ, ಕಥೆಯ ಕಾಲವನ್ನು ಹೆಚ್ಚು ಹಿಂದಕ್ಕೆ ಒಯ್ಯುವಂತಿಲ್ಲ.) ಊರಿನ ಪ್ರತಿ ಅನ್ಯಾಯಕ್ಕೂ ಒಂದು ಗೇಣು ಬೆಳೆಯುವ ಕಲ್ಲು, ವರ್ಷಕ್ಕೊಮ್ಮೆ ಸಮರ್ಪಣೆಯಿಂದ ಅದನ್ನು ತಡೆಯುವ ಅವಕಾಶ: ಆಟಕ್ಕೆ ಇದಕ್ಕಿಂತ ಸ್ಪಷ್ಟವಾದ ಅಳತೆಗೋಲು ಬೇಕಿಲ್ಲ. ಗವಿಗಂಗಾಧರೇಶ್ವರ ಗುಹಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನೂ ಇದೇ ರೀತಿ ಪಂಚಾಂಗಕ್ಕೆ ಕಟ್ಟಿದ ಬಿಡುಗಡೆಯ ಕ್ಷಣವಾಗಿ ಬಳಸಬಹುದು. ನಾಲ್ಕು ಗಡಿಗೋಪುರಗಳನ್ನು ಮೀರಿ ಊರು ಬೆಳೆದರೆ ಕೇಡೆಂಬ ಹಳೆಯ ನಂಬಿಕೆ ನಾಲ್ಕು ಮಿತಿಗಳನ್ನು ಒದಗಿಸುತ್ತದೆ. ಊರು ಅವನ್ನು ದಾಟಿ ಬಹಳ ಕಾಲವಾಯಿತು.

1898ರ ಪ್ಲೇಗು ಹೆಚ್ಚು ಕಠಿಣವಾದ ವಸ್ತು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ರೋಗ ಬೆಂಗಳೂರನ್ನು ತಲುಪಿತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ನೆಲೆಗೊಳಿಸಲು ಅಗಲವಾದ ಬೀದಿಗಳು, ಮನೆಗಳ ನಡುವೆ ಗಾಳಿಬೆಳಕು, ಹಿಂಬದಿಯ ಓಣಿಗಳನ್ನುಳ್ಳ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಬೆಳೆದವು; ಚಾಮರಾಜಪೇಟೆ 1892ರಲ್ಲಿಯೇ ರೂಪುಗೊಂಡಿತ್ತು. ಊರಿನ ಹಲವೆಡೆ ಪ್ಲೇಗ್ ಮಾರಮ್ಮನ ಗುಡಿಗಳು ಹುಟ್ಟಿಕೊಂಡವು. ಕಥಾಸರಣಿಯನ್ನು ಈ ಕಾಲದಲ್ಲಿ ನಡೆಸುವವರು ರೋಗವನ್ನೇ ಕಲುಷವೆಂದು ಎಣಿಸುವ ಸುಲಭ ದಾರಿಗೆ ಬೀಳುವುದುಂಟು. ಇದು ಸೋಂಕಿನ ಮಾದರಿಯ ಅತ್ಯಂತ ಕೆಟ್ಟ ರೂಪ, ಏಕೆಂದರೆ ನರಳುವವನನ್ನೇ ತಪ್ಪಿತಸ್ಥನನ್ನಾಗಿಸುತ್ತದೆ. ಮಾರಮ್ಮನನ್ನು ರೋಗ ಹರಡುವ ದುಷ್ಟಶಕ್ತಿಯಾಗಿ ಚಿತ್ರಿಸುವುದೂ ತಪ್ಪು ಓದು. ಭಕ್ತರ ಪಾಲಿಗೆ ಅವಳು ಬೇನೆಯನ್ನು ಕಾಯುವ ಮತ್ತು ಕಳೆಯುವ ತಾಯಿ. ರೋಗಕ್ಕೆ ದೇಹದ ಅಂಕವಿರಲಿ. ಕಲುಷದ ಅಂಕ ಕೃತ್ಯಗಳಿಗೆ ಇರಲಿ: ಶಿಬಿರಕ್ಕೆ ಒಯ್ಯುವರೆಂಬ ಭಯದಿಂದ ಮನೆಯ ರೋಗಿಯನ್ನು ಬಚ್ಚಿಟ್ಟು ನೆರೆಯವರನ್ನು ಅಪಾಯಕ್ಕೆ ಒಡ್ಡುವುದು, ಸತ್ತವರ ಮನೆಯನ್ನು ಅಗ್ಗಕ್ಕೆ ಕೊಳ್ಳುವುದು, ಮುದಿ ತಾಯಿಯನ್ನು ಬಿಟ್ಟು ಊರು ತೊರೆಯುವುದು, ಹಣ ಪಡೆದು ರಹದಾರಿ ಬರೆದುಕೊಡುವುದು. ಕಡೆಯದರಲ್ಲಿ ಕರಪ್ಷನ್ ಎಂಬ ಪದದ ಎರಡು ಅರ್ಥಗಳೂ ಒಂದೆಡೆ ಬಂದು ಸೇರುತ್ತವೆ. ಈ ಪಟ್ಟಿಯ ಮೊದಲನೆಯದಕ್ಕೆ ಅಂಕ ಕೊಡಬೇಕೇ ಎಂಬ ಬಗ್ಗೆ ಮೇಜಿನ ಸುತ್ತ ಜಗಳ ನಡೆದರೆ ನಿಯಮ ತನ್ನ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು.

ಪಾತ್ರದ ಒಡೆತನ ಮತ್ತು ತಾಳಮದ್ದಳೆ

ಪತನಗೊಂಡ ಪಾತ್ರವನ್ನು ಸೂತ್ರಧಾರ ಕಿತ್ತುಕೊಳ್ಳಬೇಕೇ ಎಂಬುದು ಈ ನಿಯಮಗಳ ಬಗೆಗಿನ ದೊಡ್ಡ ವಿವಾದ. ಸ್ಟಾರ್ ವಾರ್ಸ್ ಮತ್ತು ವ್ಯಾಂಪೈರ್ ಹೌದು ಎನ್ನುತ್ತವೆ. ಕಿತ್ತುಕೊಳ್ಳುವ ಭಯದಿಂದ ಆಟಗಾರರು ಆಮಿಷದಿಂದಲೇ ದೂರ ಉಳಿಯುತ್ತಾರೆ, ಆಗ ನಿಯಮ ಪುಸ್ತಕದಲ್ಲಿಯೇ ಉಳಿಯುತ್ತದೆ ಎಂಬುದು ಅದಕ್ಕೆ ಬರುವ ಟೀಕೆ.

ಈ ವಿಷಯದಲ್ಲಿ ಕರಾವಳಿ, ಮಲೆನಾಡು ಮತ್ತು ಕಾಸರಗೋಡಿನ ತಾಳಮದ್ದಳೆ ಬೇರೊಂದು ದಾರಿಯನ್ನು ತೋರಿಸುತ್ತದೆ. ವೇಷಭೂಷಣವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲಿಯೇ ಅರ್ಥಧಾರಿಗಳು ಪಾತ್ರವಾಗಿ ಆಶುವಾಗಿ ಮಾತನಾಡುವ ಈ ಕಲೆ ಮೇಜಿನ ಪಾತ್ರಾಭಿನಯ ಆಟಕ್ಕೆ ಕನ್ನಡದಲ್ಲಿರುವ ಅತ್ಯಂತ ಸಮೀಪದ ರೂಪ. ಭಾಗವತನು ಪದ್ಯಗಳಿಂದ ಕಥೆಯನ್ನು ಮುನ್ನಡೆಸುತ್ತಾನೆ. ನಡುವಿನ ಮಾತು ಪೂರ್ತಿ ಅರ್ಥಧಾರಿಯದು. ಕರ್ಣಭೇದನದ ಕರ್ಣ ಕೊನೆಗೆ ಕೌರವನ ಪಕ್ಷದಲ್ಲಿಯೇ ಉಳಿಯುತ್ತಾನೆಂಬುದು ಸಭೆಗೆ ತಿಳಿದಿದೆ. ಏಕೆ ಉಳಿಯುತ್ತಾನೆಂಬುದನ್ನು ಮಾತ್ರ ಆ ರಾತ್ರಿಯ ಅರ್ಥಧಾರಿ ಹೊಸದಾಗಿ ಸಮರ್ಥಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಅರ್ಥಧಾರಿಗಳು ವಾಲಿ, ರಾವಣ ಮೊದಲಾದ ಪ್ರತಿನಾಯಕರ ಪರವಾಗಿ ವಾದಿಸಿ ಹೆಸರಾದರು.

ಇದನ್ನು ನಿಯಮವಾಗಿಸಿದರೆ ಪಾತ್ರ ಆಟಗಾರನ ಬಳಿಯೇ ಉಳಿಯುತ್ತದೆ. ದಾಳ ಪತನವನ್ನು ಘೋಷಿಸುತ್ತದೆ. ಪಾತ್ರ ಮುಂದೆ ಏನು ಮಾಡುತ್ತದೆಂಬುದನ್ನು ಸೂತ್ರಧಾರ ಒಂದು ವಾಕ್ಯದಲ್ಲಿ ಹೇಳುತ್ತಾನೆ. ಅದು ಏಕೆ ಸರಿ ಎಂದು ಪಾತ್ರದ ಬಾಯಿಂದ ಆಟಗಾರನೇ ಸಮರ್ಥಿಸುತ್ತಾನೆ. ತನ್ನ ಪಾತ್ರದ ಕೇಡಿಗೆ ತಾನೇ ಒಳ್ಳೆಯ ವಾದವನ್ನು ಕಟ್ಟಬೇಕಾದ ಆಟಗಾರನಿಗೆ ಪಾತ್ರವನ್ನು ಕಳೆದುಕೊಂಡವನಿಗಿಂತ ಹೆಚ್ಚು ಕಸಿವಿಸಿಯಾಗುತ್ತದೆ.

ಬಿಡುಗಡೆ

ಅಂಕ ಇಳಿಯುವ ದಾರಿ ಅಗ್ಗವಾದರೆ ಕಲುಷವು ತಿಂಗಳ ಸಾಲದಂತಾಗುತ್ತದೆ. ದಾರಿಯೇ ಇಲ್ಲದಿದ್ದರೆ ಆಟಗಾರ ಹೇಗೂ ಕೆಟ್ಟೆನೆಂದು ಮನಬಂದಂತೆ ಆಡುತ್ತಾನೆ. ನಳನ ಕಥೆಯ ಉತ್ತರಾರ್ಧ ಇಲ್ಲಿ ಮತ್ತೆ ನೆರವಿಗೆ ಬರುತ್ತದೆ. ಕಾರ್ಕೋಟಕ ಕಚ್ಚಿ ನಳನ ರೂಪ ಕೆಡುತ್ತದೆ. ಆದರೆ ಆ ವಿಷ ಸುಡುವುದು ಒಳಗಿರುವ ಕಲಿಯನ್ನು. ಗುರುತಿಲ್ಲದ ಸಾರಥಿಯಾಗಿ ದುಡಿಯುವ ನಳ ಋತುಪರ್ಣನಿಗೆ ಅಶ್ವವಿದ್ಯೆಯನ್ನು ಕಲಿಸಲು ಒಪ್ಪಿ ಪ್ರತಿಯಾಗಿ ಅಕ್ಷಹೃದಯವನ್ನು, ಅಂದರೆ ದಾಳದ ಮರ್ಮವನ್ನು ಪಡೆಯುತ್ತಾನೆ. ಆಗ ಕಲಿ ವಿಷವನ್ನು ಕಾರುತ್ತ ಹೊರಬಂದು ತಾರೆ ಮರವನ್ನು ಸೇರುತ್ತಾನೆ. ಕಾಲು ತೊಳೆಯದ ಲೋಪದಿಂದ ಒಳಬಂದದ್ದು ಕಾಲು ತೊಳೆದದ್ದರಿಂದ ಹೊರಹೋಗಲಿಲ್ಲ ಎಂಬುದು ಗಮನಾರ್ಹ. ಯಾವುದರಿಂದ ಸೋತನೋ ಆ ಜೂಜನ್ನೇ ಅವನು ಕಲಿಯಬೇಕಾಯಿತು. ಅಂತೆಯೇ ಕಲುಷವನ್ನು ಕಳೆಯುವ ಕಾರ್ಯ ಅದನ್ನು ತಂದ ಕೃತ್ಯಕ್ಕೆ ಸಂಬಂಧಿಸಿರಬೇಕು. ದೇವಾಲಯಕ್ಕೆ ನೂರು ಹೊನ್ನು ಕೊಟ್ಟರೆ ಒಂದು ಅಂಕ ಕಡಿಮೆ ಎಂಬ ನಿಯಮಕ್ಕಿಂತ ಸತ್ತವನ ಮನೆಯನ್ನು ಅವನ ಮಕ್ಕಳಿಗೆ ಹಿಂದಿರುಗಿಸುವುದು ಉತ್ತಮ.

ಆಟಗಾರರ ನಡುವಿನ ಒಪ್ಪಿಗೆ

ಕಲುಷದ ಕಥೆಗಳು ಕ್ರೌರ್ಯ, ಬಲಿ, ಹುಚ್ಚು, ಜಾತಿ, ರೋಗಗಳ ಹತ್ತಿರ ಸುಳಿಯುತ್ತವೆ. ಆದ್ದರಿಂದ ಮೊದಲ ಕೂಟಕ್ಕೆ ಮುಂಚೆಯೇ ಆಟಗಾರರು ಕುಳಿತು ಯಾವುದು ಆಟದಲ್ಲಿ ಬರಲೇಬಾರದು, ಯಾವುದು ಬಂದರೂ ಪರದೆಯ ಹಿಂದೆ ನಡೆಯಬೇಕು ಎಂದು ನಿರ್ಧರಿಸುವ ಪದ್ಧತಿ ಬೆಳೆದಿದೆ. ‘ಗೆರೆಗಳು ಮತ್ತು ಪರದೆಗಳು’ ಎಂಬ ಈ ಕಲ್ಪನೆಯನ್ನು ರಾನ್ ಎಡ್ವರ್ಡ್ಸ್ ಪ್ರಚಾರಕ್ಕೆ ತಂದರು. ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ಎಕ್ಸ್-ಕಾರ್ಡ್ ಎಂಬ ಚೀಟಿಯನ್ನು ಮುಟ್ಟಿದವರು ಕಾರಣವನ್ನು ಹೇಳಬೇಕಾಗಿಲ್ಲ; ನಡೆಯುತ್ತಿರುವ ದೃಶ್ಯವನ್ನು ಅಲ್ಲಿಗೇ ಬಿಟ್ಟು ಆಟ ಮುಂದುವರಿಯುತ್ತದೆ. ಸ್ಥಳೀಯ ಐತಿಹ್ಯವನ್ನು ಬಳಸುವಾಗ ಇದರ ಅಗತ್ಯ ಇನ್ನೂ ಹೆಚ್ಚು. ಕಲ್ಪಿತ ನಾಡಿನ ದೇವತೆಯನ್ನು ಹೇಗೆ ಬೇಕಾದರೂ ಚಿತ್ರಿಸಬಹುದು. ಮೇಜಿನ ಆಚೆ ಬದಿಯಲ್ಲಿ ಕುಳಿತವರ ಮನೆದೇವರು ಅದೇ ಮಾರಮ್ಮನಾಗಿರಬಹುದು.